ದಂಟಿನ ರಸದಲ್ಲಿ ಬದುಕಿದ ಯೀಸ್ಟ್

ಅಪ್ಪಾಜಿಗೆ ಸ್ಫೂರ್ತಿಯ ಶರಣು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀವು ಕಳಿಸಿದ ಮೆಕ್ಕೆಜೋಳದ ದಂಟನ್ನು ಆಸಿಡ್‌ನಲ್ಲಿ ಬೇಯಿಸಿದಾಗ ಬರುವ ರಸ ಯೀಸ್ಟನ್ನು ಕೊಲ್ಲುತ್ತದೆ. ನನ್ನ ಯೀಸ್ಟ್ ಅದರಲ್ಲೂ ಬದುಕಿ ಎಥೆನಾಲ್ ಕೊಟ್ಟಿತು ಎಂದಿದ್ದೆನಲ್ಲ, ಅದು ಸುಳ್ಳು. ಅವಸರದಲ್ಲಿ ರಸದ ಬದಲು ಬರೀ ಸಕ್ಕರೆ ನೀರು ಹಾಕಿದ್ದೆ. ಮರುದಿನವೇ ಗೊತ್ತಾಯಿತು. ಆದರೆ ಎಲ್ಲರೂ ಹೊಗಳುತ್ತಿದ್ದರು, ಸುಮ್ಮನಿದ್ದುಬಿಟ್ಟೆ. ಅದೇ ಫಲಿತಾಂಶ ವಿಜ್ಞಾನ ಪತ್ರಿಕೆಯಲ್ಲಿ ಪೇಪರ್ ಆಗಿ ಅಚ್ಚೂ ಆಯಿತು.

ಯಗಟಿ ಬಸ್‌ಸ್ಟ್ಯಾಂಡಿನಲ್ಲಿ ನೀವು, "ನಮ್ ಹುಡ್ಗಿ ಯೀಸ್ಟು ವಿಷ ಕುಡುದ್ರೂ ಸಾಯಲ್ಲ ಕಣ್ರೀ" ಎನ್ನುತ್ತಿದ್ದೀರೆಂದು ಅಮ್ಮ ಹೇಳಿದರು. ಆಮೇಲೆ ತಡೆಯಲಾಗಲಿಲ್ಲ. ನಿನ್ನೆ ನನ್ನ ಸಂಶೋಧನೆಯ ಗೈಡ್ ಮೇಡಂ ಎದುರು ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಪೇಪರ್ ವಾಪಸ್ ತಗೋಬೇಕಮ್ಮ" ಎಂದು ತಲೆ ತಗ್ಗಿಸಿದರು.

ಇನ್ನೊಂದು ಮೂಟೆ ದಂಟು ಕಳಿಸುತ್ತೀರಾ? ಈ ಸಲ ಸತ್ತರೆ ಸತ್ತಿತೆಂದೇ ಬರೆಯುತ್ತೇನೆ.

ನಿಮ್ಮ ಮಗಳು,
ಸ್ಫೂರ್ತಿ