ಹಾಡುವ ಆನೆ ಕೆಟ್ಟಿಲ್ಲ

ರೀ,

ಮಗಳ ಹಾಡುವ ಆನೆಯನ್ನು ಇನ್ನು ಬಿಚ್ಚಬೇಡಿ, ಅದು ಕೆಟ್ಟಿಲ್ಲ. ಮೂರು ಸಲ ಮೆಟ್ಟಿಲಿನಿಂದ ಉರುಳಿ, ಒಮ್ಮೆ ಬಕೆಟ್ಟಿನಲ್ಲಿ ಮುಳುಗಿಯೂ ಹಾಡಿದ ಗಟ್ಟಿ ಪ್ರಾಣಿ ಅದು. ಅದರ ಒಂದು ಸೆಲ್ ತೆಗೆದು, ಗೋಡೆ ಗಡಿಯಾರದ ಸತ್ತ ಸೆಲ್ ಹಾಕಿದವಳು ನಾನೇ. ಡ್ಯೂಟಿ ಮುಗಿಸಿ ಬಂದರೆ ಅದೇ ಹಾಡು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ನಿಂತಿದ್ದ ಗಡಿಯಾರ ಎರಡು ದಿನದಿಂದ ಹೇಗೆ ಓಡುತ್ತಿದೆ ಅಂತ ನೀವೂ ಕೇಳಲಿಲ್ಲ.

ಸ್ಕ್ರೂಡ್ರೈವರ್ ಎತ್ತಿಡಿ. ಗಡಿಯಾರದ ಸೆಲ್ ತೆಗೆದು ಆನೆಗೆ ಹಾಕಿ.

ಬೆಳಿಗ್ಗೆ ಅವಳು ಆನೆಗೆ ನನ್ನ ಶಾಲು ಹೊದಿಸಿ ಮಲಗಿಸಿದ್ದಳು. "ಮೆತ್ತಗೆ ಮಾತಾಡಮ್ಮ, ನಿನ್ ಥರಾನೇ ಅದಕ್ಕೂ ಸುಸ್ತಾಗಿದೆ" ಅಂದಳು.

ಗಡಿಯಾರ ನಿಂತರೆ ನಿಲ್ಲಲಿ. ನಾನು ಬಾಗಿಲು ತೆಗೆಯುವಾಗ ಆನೆ ಹಾಡುತ್ತಿರಲಿ.