ಐದು ಲೀಟರಿನ ಕ್ಯಾನು

ಮಾರ್ಚ್ 3, ಬೆಳಿಗ್ಗೆ 6.10

ಬೆಳಗಿನ ಮೊದಲ ಮೂತ್ರ ಕಮೋಡಿಗೆ. ಇನ್ನು ಪ್ರತಿ ಹನಿಯೂ ಕ್ಯಾನಿಗೆ, ನಾಳೆ ಇದೇ ಹೊತ್ತಿನವರೆಗೆ. ಲ್ಯಾಬಿನ ಹುಡುಗಿ ಎರಡೆರಡು ಸಲ ಹೇಳಿದಳು. ನನಗೆ ಹೇಳಬೇಕೇ! ಮೂವತ್ತೊಂದು ವರ್ಷ ತೂಕ-ಅಳತೆ ಇನ್‌ಸ್ಪೆಕ್ಟರ್ ಆಗಿದ್ದವನು. ಪೆಟ್ರೋಲ್ ಬಂಕಿನಲ್ಲಿ ಇಂಥದ್ದೇ ಐದು ಲೀಟರಿನ ಕ್ಯಾನು ಹಿಡಿದು ನಿಂತರೆ ಮಾಲೀಕನ ಮುಖ ಬಿಳಿಚಿಕೊಳ್ಳುತ್ತಿತ್ತು.

ಕಿಡ್ನಿಯಲ್ಲಿ ಇದು ಏಳನೇ ಸಲ ಕಲ್ಲು. ವಯಸ್ಸು ಅರವತ್ನಾಲ್ಕು. ಇದುವರೆಗೆ ಎಲ್ಲರೂ ನೀರು ಕುಡಿಯಿರಿ ಎಂದು ಹೇಳಿ ಕಳಿಸಿದವರೇ. ಈ ಹೊಸ ಡಾಕ್ಟರಮ್ಮ ಮಾತ್ರ ಮನೆಯಲ್ಲಿ ಇನ್ಯಾರಿಗಿದೆ ಎಂದು ಕೇಳಿದರು. ತಂಗಿಗೂ ಮೂರು ಸಲ ಆಗಿದೆ ಎಂದೆ. ಪೆನ್ನು ಕೆಳಗಿಟ್ಟರು.

"ಹುಟ್ತಾನೇ ಬಂದಿರಬಹುದು. ವಯಸ್ಸಾದವರಲ್ಲಿ ಇದನ್ನ ಯಾರೂ ಹುಡುಕೋದೇ ಇಲ್ಲ. ಕಲ್ಲು ಕಟ್ಟಿಸೋದು ಆಕ್ಸಲೇಟ್, ದಿನಕ್ಕೆ ಅದು ಎಷ್ಟು ಹೋಗ್ತಿದೆ ನೋಡೋಣ. ಜಾಸ್ತಿ ಇದ್ರೆ ಜೀನ್ ಟೆಸ್ಟು. ಆಮೇಲೆ ನಿಮ್ಮ ತಂಗಿಗೂ."

ತಂಗಿಗೆ ಫೋನ್ ಮಾಡಿದೆ. "ನಿಂದು ಬರಲಿ ಮೊದಲು. ಏನೂ ಇಲ್ಲ ಅಂದ್ರೆ ನಂಗ್ಯಾಕೆ ಈ ಫಜೀತಿ?" ಎಂದಳು.

ಅದೇ ದಿನ, ಸಂಜೆ 5

ಹಾಳಾಯಿತು. ಬಾತ್‌ರೂಮಿನಲ್ಲಿ ಕ್ಯಾನು ಉರುಳಿತು. ಮುಚ್ಚಳ ಸರಿಯಾಗಿ ತಿರುಗಿಸಿರಲಿಲ್ಲ. ಮುಕ್ಕಾಲಕ್ಕಿಂತ ಹೆಚ್ಚು ಮೋರಿ ಪಾಲು. ಮಂಡಿಯೂರಿ ನೆಲ ಒರೆಸಿದೆ. ಹೊರಗಿನಿಂದ ಸೊಸೆ — "ಮಾವ, ಏನಾಯ್ತು?"

"ಏನಿಲ್ಲಮ್ಮ, ಮಗ್ಗು ಬಿತ್ತು."

ಚೆಲ್ಲಿದರೆ ಮತ್ತೆ ಮೊದಲಿನಿಂದ ಎಂದಿದ್ದಾಳೆ ಲ್ಯಾಬಿನವಳು. ಅವಳೆದುರು ನಿಂತು ಚೆಲ್ಲಿಕೊಂಡೆ ಅನ್ನಬೇಕೇ? ಸೊಸೆಯ ಮುಂದೆ ಇನ್ನೊಂದು ದಿನ ಇದನ್ನು ಹಿಡಿದು ಓಡಾಡಬೇಕೇ?

ಮಾರ್ಚ್ 4

ಕ್ಯಾನಿಗೆ ನಲ್ಲಿ ನೀರು ಬೆರೆಸಿದೆ. ಒಂದು ಲೀಟರ್ ಚಿಲ್ಲರೆ... ಯಾರೂ ಅನುಮಾನಪಡದ ಗೆರೆಗೆ ತಂದು ಕೊಟ್ಟು ಬಂದೆ. ತಳವನ್ನು ಒಳಕ್ಕೆ ತಟ್ಟಿದ ಅಳತೆಪಾತ್ರೆ ಇಟ್ಟುಕೊಂಡಿದ್ದ ಎಣ್ಣೆ ವ್ಯಾಪಾರಿಯನ್ನು ಹಿಂದೆ ಬೀದಿ ಜನರೆದುರು ನಿಲ್ಲಿಸಿ ಬೈದಿದ್ದೆ. ಅವನ ಹೆಂಡತಿ ನೋಡುತ್ತಿದ್ದಳು. ಥೂ, ನನ್ನ ಜನ್ಮಕ್ಕೆ.

ಮಾರ್ಚ್ 12

ತಂಗಿಯೂ ಜೊತೆಗೆ ಬಂದಿದ್ದಳು. ಡಾಕ್ಟರಮ್ಮ ರಿಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಆಕ್ಸಲೇಟ್ ನಾರ್ಮಲ್. ಆದ್ರೆ ಒಂದಿನಕ್ಕೆ ಇಷ್ಟು ಅಂತ ಬರಲೇಬೇಕಾದ ಕ್ರಿಯಾಟಿನಿನ್ ಕಡಿಮೆ ಇದೆ. ಎಲ್ಲಾ ಹಿಡಿದ್ರಾ?"

"ಒಂದು ಹನಿ ಬಿಟ್ಟಿಲ್ಲ."

ತಂಗಿ ನಕ್ಕಳು. "ಡಾಕ್ಟ್ರೇ, ಚಿಕ್ಕವರಿದ್ದಾಗ ಬಿಸ್ಕತ್ತನ್ನ ಸ್ಕೇಲಿಟ್ಟು ಮುರಿದು ಕೊಡ್ತಿದ್ದೋನು ಇವನು. ಅಳತೇಲಿ ಇವನನ್ನ ಅನುಮಾನಿಸಬೇಡಿ."

ವಯಸ್ಸಿಗೆ ಸ್ವಲ್ಪ ಕಡಿಮೆ ಇರುತ್ತದೆ ಎಂದು ಡಾಕ್ಟರಮ್ಮ ಅರೆಮನಸ್ಸಿನಿಂದ ಒಪ್ಪಿದರು. ಜೀನ್ ಟೆಸ್ಟು ಸದ್ಯಕ್ಕೆ ಬೇಡ. ತಂಗಿಗೂ ಬೇಡ. ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಸೆಪ್ಟೆಂಬರ್ 20

ತಂಗಿ ಆಸ್ಪತ್ರೆಯಲ್ಲಿ. ಎರಡೂ ಕಡೆ ಕಲ್ಲು ಸಿಕ್ಕಿಕೊಂಡಿತ್ತು. ತೆಗೆದರು. ಆದರೆ ಕಿಡ್ನಿ ಈಗ ಮೂರನೇ ಒಂದು ಪಾಲು ಮಾತ್ರ ಕೆಲಸ ಮಾಡುತ್ತಿದೆಯಂತೆ.

ಕಾರಿಡಾರಿನಲ್ಲಿ ಡಾಕ್ಟರಮ್ಮನನ್ನು ತಡೆದು ಎಲ್ಲ ಹೇಳಿಬಿಟ್ಟೆ. ಕ್ಯಾನು, ಮೋರಿ, ನಲ್ಲಿ. ಬೈಯುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಅಷ್ಟೇ.

"ಆರು ತಿಂಗಳು... ನಾಳೇನೇ ಮತ್ತೆ ಹಿಡೀರಿ. ತಂಗಿಗೆ ನೀವೇ ಹೇಳಿ."

ಅಕ್ಟೋಬರ್ 2

ಆಕ್ಸಲೇಟ್ ಇರಬೇಕಾದ್ದರ ಒಂದೂವರೆ ಪಟ್ಟು. ನನ್ನ ರಕ್ತ, ತಂಗಿಯ ರಕ್ತ, ಎರಡೂ ಜೀನ್ ಟೆಸ್ಟಿಗೆ ಹೋದವು. ಚೆಲ್ಲಿದ್ದನ್ನು ತಂಗಿಗೆ ಇನ್ನೂ ಹೇಳಿಲ್ಲ.

ನವೆಂಬರ್ 9

ಇಬ್ಬರಿಗೂ ಇದೆ. ಅಪ್ಪನಿಂದ ಒಂದು ಕೆಟ್ಟ ಜೀನು, ಅಮ್ಮನಿಂದ ಒಂದು. ಔಷಧಿ ಇದೆಯಂತೆ. ಉಳಿದದ್ದನ್ನು ಉಳಿಸಬಹುದು, ಹೋದದ್ದು ಬಾರದು.

"ಮಾರ್ಚಲ್ಲೇ ಸಿಕ್ಕಿದ್ರೆ?" ಎಂದೆ.

ಡಾಕ್ಟರಮ್ಮ ಫೈಲು ಮುಚ್ಚಿದರು. "ತಂಗಿಗೆ ಹೇಳಿದ್ರಾ?"

ನಾಳಿದ್ದು ಹೇಳ್ತೀನಿ ಎಂದೆ.

ನವೆಂಬರ್ 11, ಬೆಳಿಗ್ಗೆ 6.40

ತಂಗಿಯ ಮನೆ, ಮುಂದಿನ ಕೋಣೆ. ಔಷಧಿ ಶುರುವಾಗುವ ಮೊದಲು ಅವಳೂ ಒಂದು ದಿನದ್ದು ಹಿಡಿದು ಕೊಡಬೇಕು. ತೋರಿಸಿಕೊಡು ಬಾ ಎಂದು ನನ್ನನ್ನೇ ಕರೆಸಿದ್ದಾಳೆ. ಹೊಸ ಕ್ಯಾನು ನನ್ನ ಕಾಲ ಬಳಿ. ಇವತ್ತು ಹೇಳಲೇಬೇಕು. ಬಾಯಲ್ಲಿ ಬರುವುದಿಲ್ಲ ಎಂದು ಮೊದಲು ಬರೆದುಕೊಳ್ಳಲು ಕೂತೆ.

ಒಳಗಿನಿಂದ ಕೂಗುತ್ತಿದ್ದಾಳೆ — "ಬಾರಣ್ಣ, ಹೊತ್ತಾಯ್ತು. ಮಾರ್ಚಲ್ಲಿ ಆ ಲ್ಯಾಬಿನ ಹುಡುಗಿ ಏನೋ ಎಡವಟ್ಟು ಮಾಡಿದಾಳೆ, ಅವಳಿಗೆ ನಾನು ಬುದ್ಧಿ ಹೇಳ್ತೀನಿ. ನೀನು ಹಿಡಿದ ಹಾಗೇ ಹಿಡಿದುಕೊಟ್ರೆ ಆಯ್ತಲ್ಲ?"

ಬಂದೆ ಅಂದಿದ್ದೇನೆ. ಹೇಗೆ ಶುರು ಮಾಡಲಿ? ಆ ಹುಡುಗಿಯ ತಪ್ಪಲ್ಲ ಕಣೇ. ಮುಚ್ಚಳವನ್ನು ನಾನೇ ಸರಿಯಾಗಿ