ಮಳೆ ನಿಲ್ಲಬೇಕೆಂದು ಮುಷ್ಕರ ಹೂಡಿದವನ ಅಹವಾಲು

ಮಾನ್ಯ ಕುಲಸಚಿವರೇ,

ಮಳೆ ನಿಲ್ಲಬೇಕೆಂದು ಒತ್ತಾಯಿಸಿ ಒಂದೇ ಸೆಮಿಸ್ಟರಿನಲ್ಲಿ ಒಂಬತ್ತು ಸಲ ಕಾಲೇಜು ಬಂದ್ ಮಾಡಿಸಿದ ಆರೋಪ ನನ್ನ ಮೇಲಿದೆ. ಆರೋಪ ಹೊರಿಸಿದ್ದು ತಮ್ಮ ವಿಶ್ವವಿದ್ಯಾಲಯದ ಹೊಸ ಆಡಳಿತ ತಂತ್ರಾಂಶ. ಅದರ ಕೆಳಗಿನ ಸಹಿ ತಮ್ಮದು. "ಈಡೇರಿಸಲಾಗದ ಬೇಡಿಕೆಯನ್ನು ಮುಂದಿಟ್ಟು ವಿದ್ಯಾರ್ಥಿಗಳನ್ನು ಪದೇ ಪದೇ ಪ್ರಚೋದಿಸಿರುವುದು ಕಂಡುಬಂದಿರುತ್ತದೆ" ಎಂಬ ತಮ್ಮ ನೋಟಿಸಿನ ಸಾಲನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ನನ್ನ ಹೆಂಡತಿ ಶ್ಯಾಮಲಾ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನಕ್ಕಳು. "ನೀವಾ? ಹೋಟ್ಲಲ್ಲಿ ಇನ್ನೊಂದ್ ಸಲ ಸಾಂಬಾರ್ ಕೇಳೋಕೂ ನನ್ ಮುಖ ನೋಡ್ತೀರಲ್ರೀ," ಎಂದಳು. ಇಪ್ಪತ್ತು ವರ್ಷ ಜೊತೆಗಿದ್ದವಳಿಗೆ ಕಾಣದ ಕ್ರಾಂತಿಕಾರಿಯನ್ನು ತಮ್ಮ ತಂತ್ರಾಂಶ ಒಂದೇ ಮಳೆಗಾಲದಲ್ಲಿ ಪತ್ತೆಹಚ್ಚಿದೆ. ಅದಕ್ಕೆ ಮೊದಲು ಕೃತಜ್ಞತೆ ಸಲ್ಲಿಸುತ್ತೇನೆ.

ನಾನು ಹೊಸನಗರ ತಾಲ್ಲೂಕಿನ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಹದಿನಾರು ವರ್ಷದಿಂದ ಅತಿಥಿ. ಇಷ್ಟು ದೀರ್ಘಕಾಲ ಉಳಿದುಕೊಂಡ ಅತಿಥಿಯನ್ನು ಬೇರೆ ಯಾವ ಮನೆಯವರೂ ಸಹಿಸುತ್ತಿರಲಿಲ್ಲ, ಆ ಉಪಕಾರವನ್ನು ಮರೆತಿಲ್ಲ. ತಂತ್ರಾಂಶದ ವಿರೋಧಿಯೂ ನಾನಲ್ಲ. ತರಬೇತಿಗೆ ಕಾಲೇಜಿನಿಂದ ನನ್ನನ್ನೇ ಕಳಿಸಿದ್ದಕ್ಕೆ ಕಾರಣ ನನ್ನ ಹೆಗಲಲ್ಲಿದ್ದ ಲ್ಯಾಪ್‌ಟಾಪ್ ಚೀಲ. ಅದರೊಳಗೆ ಊಟದ ಡಬ್ಬಿ, ಕೊಡೆ ಬಿಟ್ಟರೆ ಬೇರೇನೂ ಇಲ್ಲವೆಂದು ಪ್ರಾಂಶುಪಾಲರಿಗೆ ಹೇಳುವ ಧೈರ್ಯ ಬರಲಿಲ್ಲ. ಇನ್ನು ಮುಂದೆ ಕಾಗದವೇ ಇಲ್ಲದ ಆಡಳಿತ ಎಂದು ವೇದಿಕೆಯ ಮೇಲಿದ್ದವರು ಘೋಷಿಸಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನೂ ನಾನೇ. ವಾಪಸು ಬರುವಾಗ ಕಾಲೇಜಿನ ನೋಡಲ್ ಅಧಿಕಾರಿಯಾಗಿದ್ದೆ. ನನ್ನ ಹೆಸರಿನ ಪಕ್ಕ 'ಅಧಿಕಾರಿ' ಎಂಬ ಪದ ಕೂತದ್ದು ಅದೇ ಮೊದಲು. ಮೇಳಿಗೆಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಇನ್ನಿಬ್ಬರಿಗೆ ಹೇಳಿದಳು.

ತಮ್ಮ ಕಚೇರಿ ಇರುವ ಕಡೆ ಮಳೆ ಬಂದರೆ ಜನ ಕಿಟಕಿಗೆ ಬಂದು ನೋಡುತ್ತಾರೆಂದು ಕೇಳಿದ್ದೇನೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಹಾಗಲ್ಲ. ಜುಲೈ ತಿಂಗಳಲ್ಲಿ ಹಳ್ಳ ರಸ್ತೆಗೆ ಬರುತ್ತದೆ, ಮರ ತಂತಿಯ ಮೇಲೆ ಬೀಳುತ್ತದೆ, ಬಸ್ಸು ಅರ್ಧ ದಾರಿಯಲ್ಲಿ ತಿರುಗಿ ಹೋಗುತ್ತದೆ. ಆಗ ಆಯಾ ತಾಲ್ಲೂಕಿಗೆ ಸೀಮಿತವಾಗಿ ಮಳೆ ರಜೆ ಘೋಷಣೆಯಾಗುತ್ತದೆ, ಆದೇಶ ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುತ್ತದೆ. ಹಿಂದೆ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು 'ಮಳೆ ರಜೆ' ಎಂದು ಬರೆದರೆ ಮುಗಿಯಿತು. ಈಗ ತಂತ್ರಾಂಶಕ್ಕೆ ಕಾರಣ ಹೇಳಬೇಕು. ಹೇಳದಿದ್ದರೆ ಅಂದು ತರಗತಿ ನಡೆದಿದೆ, ಇಡೀ ಕಾಲೇಜು ಗೈರು ಎಂದು ಅದು ತಾನೇ ತೀರ್ಮಾನಿಸುತ್ತದೆ.

ತರಗತಿ ನಡೆಯದಿರಲು ಅದು ಒಪ್ಪುವ ಕಾರಣಗಳ ಪಟ್ಟಿಯಲ್ಲಿ ರಾಷ್ಟ್ರೀಯ ಹಬ್ಬ ಇದೆ, ಚುನಾವಣೆ ಇದೆ, ಗಣ್ಯರ ನಿಧನ ಇದೆ, ಮುಷ್ಕರ ಇದೆ. ಮಳೆ ಇಲ್ಲ. ಹಬ್ಬದ ದಿನಗಳನ್ನು ತಾವೇ ತುಂಬಿ ಬೀಗ ಹಾಕಿದ್ದೀರಿ. ಚುನಾವಣೆ ಒತ್ತಿದರೆ ಕ್ಷೇತ್ರದ ಸಂಖ್ಯೆ ಬೇಕು. ಗಣ್ಯರ ನಿಧನ ಒತ್ತಿದೆ, ಮೃತರ ಹೆಸರು ಕೇಳಿತು. ಎಷ್ಟೇ ಯೋಚಿಸಿದರೂ ಯಾರನ್ನೂ ಸಾಯಿಸಲು ಮನಸ್ಸು ಬರಲಿಲ್ಲ. ಉಳಿದದ್ದು ಮುಷ್ಕರ. ಅದು ಮಾತ್ರ ತಕ್ಷಣ ತೆರೆದುಕೊಂಡಿತು.

ಸಹಾಯವಾಣಿಗೆ ಫೋನ್ ಮಾಡಲಿಲ್ಲವೇ ಎಂದು ಕೇಳುತ್ತೀರಿ. ಮಾಡಿದೆ. ರಕ್ಷಾ ಎಂಬ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. "ಸರ್, ರೈನ್ ಅಂತ ಆಪ್ಷನ್ ಇಲ್ಲ ಸರ್. ನಿಮ್ಮಲ್ಲಿ ಯಾವ್ಯಾವ ದಿನ ಜೋರು ಮಳೆ ಬರುತ್ತೆ ಅಂತ ಜೂನ್ ಒಳಗೇ ಕೊಟ್ಟಿದ್ರೆ ಕ್ಯಾಲೆಂಡರ್‌ಗೆ ಸೇರಿಸ್ಬಹುದಿತ್ತು," ಎಂದಳು. ನಾನು ಕ್ಷಮೆ ಕೇಳಿ ಫೋನ್ ಇಟ್ಟೆ. ಯಾಕೆ ಕ್ಷಮೆ ಕೇಳಿದೆನೋ ಇವತ್ತಿಗೂ ಗೊತ್ತಿಲ್ಲ, ಅದು ನನ್ನ ಅಭ್ಯಾಸ. ಭಾನುವಾರ ತರಗತಿ ನಡೆಸಿ ಸರಿದೂಗಿಸಬಹುದಿತ್ತಲ್ಲ ಎನ್ನುತ್ತೀರಿ. ಅದನ್ನೂ ಮಾಡಿದೆವು. ಆ ಹಾಜರಿಯನ್ನು ತಂತ್ರಾಂಶ ಸ್ವೀಕರಿಸಲಿಲ್ಲ. ಭಾನುವಾರ ರಜೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಿದೆ.

ಮುಷ್ಕರದ ಪುಟದಲ್ಲಿ ನಾಯಕನ ಹೆಸರು ಕಡ್ಡಾಯ, ಪಕ್ಕದಲ್ಲಿ ಕೆಂಪು ಚುಕ್ಕಿ. ಮಕ್ಕಳ ಹೆಸರು ಹಾಕಿದರೆ ಅವರ ನಡತೆ ಪ್ರಮಾಣಪತ್ರಕ್ಕೆ ಕುತ್ತು. ನಮ್ಮ ಅಟೆಂಡರ್ ಕನ್ನಪ್ಪ ಹಿಂದೆ ನಿಂತು ನೋಡುತ್ತಿದ್ದವರು, "ನನ್ ಹೆಸ್ರೇ ಹಾಕ್ಬಿಡಿ ಸಾರ್, ನಾ ಹೆಂಗೂ ಬರೋ ವರ್ಷ ರಿಟೈರು," ಎಂದರು. ಪಿಂಚಣಿ ನೆನಪಾಗಿ ಬೇಡವೆಂದೆ. ಇದನ್ನೆಲ್ಲ ಯಾರು ಓದುತ್ತಾರೆ ಎಂದುಕೊಂಡು ನನ್ನ ಹೆಸರನ್ನೇ ಹಾಕಿದೆ. ಬೇಡಿಕೆ ಏನು ಎಂದು ಕೇಳಿತು. ಹೊರಗೆ ನೋಡಿ 'ಮಳೆ ನಿಲ್ಲಬೇಕು' ಎಂದು ಬರೆದೆ. ಬೇಡಿಕೆ ಈಡೇರಿದೆಯೇ ಎಂದು ಕೇಳಿತು. ಮತ್ತೊಮ್ಮೆ ಹೊರಗೆ ನೋಡಿ 'ಇಲ್ಲ' ಎಂದು ಒತ್ತಿದೆ. ಹೀಗೆ ಒಂಬತ್ತು ಸಲ, ಪ್ರತಿ ಸಲವೂ ಪ್ರಾಮಾಣಿಕವಾಗಿ. ಲಿಂಗನಮಕ್ಕಿ ತುಂಬಲೆಂದು ಸರ್ಕಾರವೇ ಮುಗಿಲು ನೋಡುತ್ತಿರುವಾಗ, ಅಲ್ಲಿಂದ ಬರುವ ಕರೆಂಟಿನಲ್ಲೇ ಓಡುವ ಯಂತ್ರದ ಮುಂದೆ ಕೂತು ಮಳೆಯ ವಿರುದ್ಧ ಚಳವಳಿ ಮಾಡಿದ ಮನುಷ್ಯ ರಾಜ್ಯದಲ್ಲಿ ಬಹುಶಃ ನಾನೊಬ್ಬನೇ.

ಇಷ್ಟರವರೆಗೆ ನನಗೂ ನಗು ಬರುತ್ತದೆ. ಆದರೆ ತಮ್ಮ ನೋಟಿಸಿನ ಕೊನೆಯ ಪ್ಯಾರಾ ನಗುವಂಥದ್ದಲ್ಲ. ಪರೀಕ್ಷೆಯ ಹಾಲ್ ಟಿಕೆಟ್ ಕೊಡುವ ಮೊದಲು ಒಂಬತ್ತೂ ನಮೂದುಗಳನ್ನು ಸುಳ್ಳೆಂದು ಒಪ್ಪಿ ಅಳಿಸಬೇಕು, ಇಲ್ಲವಾದರೆ ಮುಂದಿನ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿಗೆ ನನ್ನ ಹೆಸರನ್ನು ಪರಿಗಣಿಸುವುದಿಲ್ಲ ಎಂದಿದ್ದೀರಿ. ಅಳಿಸುವುದು ಸುಲಭ, ಒಂದು ಗುಂಡಿ. ಅಳಿಸಿದೊಡನೆ ಆ ಒಂಬತ್ತು ದಿನಗಳೂ ಕೆಲಸದ ದಿನಗಳಾಗುತ್ತವೆ, ಮಕ್ಕಳೆಲ್ಲ ಗೈರಾಗುತ್ತಾರೆ. ಹೆಚ್ಚಿನವರು ಹೇಗೋ ಪಾರಾಗುತ್ತಾರೆ. ಗಂಗಾ ಪಾರಾಗುವುದಿಲ್ಲ.

ಗಂಗಾ ಅಂತಿಮ ಬಿ.ಎ. ವಿದ್ಯಾರ್ಥಿನಿ, ಹಿನ್ನೀರಿನ ಅಂಚಿನ ಹಳ್ಳಿಯವಳು. ಬಸ್ಸು ಹಿಡಿಯಲು ಹಳ್ಳದ ಮೇಲಿನ ಕಾಲುಸಂಕ ದಾಟಬೇಕು. ಅಡಿಕೆ ಮರ ಸೀಳಿದ ದಬ್ಬೆ ಕಟ್ಟಿದ ಆ ಸಂಕ ನೀರಿನಡಿ ಹೋದರೆ, ರಜೆ ಇರಲಿ ಬಿಡಲಿ, ಅವಳಿಗೆ ಕಾಲೇಜಿಲ್ಲ. ಹಾಗಾಗಿ ಅವಳ ಹಾಜರಿ ಪರೀಕ್ಷೆಗೆ ಕೂರಲು ಬೇಕಾದ ಶೇಕಡಾ ಎಪ್ಪತ್ತೈದರ ಅಂಚಿನಲ್ಲೇ ನಿಂತಿದೆ. ಸುದ್ದಿ ಕಿವಿಗೆ ಬಿದ್ದು ಸ್ಟಾಫ್ ರೂಮಿಗೆ ಬಂದಳು.

"ಸರ್, ನೀವು ಅದನ್ನ ಡಿಲೀಟ್ ಮಾಡ್ತೀರಂತೆ, ಹೌದಾ?"

"ನೋಡೋಣಮ್ಮ, ಮೇಲಿನವ್ರ ಹತ್ರ ಮಾತಾಡ್ತಿದೀನಿ," ಎಂದೆ. ಮಾತಾಡಿರಲಿಲ್ಲ.

"ಮಾಡೋದಾದ್ರೆ ಮೊದ್ಲೇ ಹೇಳ್ಬಿಡಿ ಸರ್. ಇನ್ನೊಂದ್ ವರ್ಷ ಅಂದ್ರೆ ನಮ್ಮನೇಲಿ ಕಳ್ಸಲ್ಲ. ಸುಮ್ನೆ ಓದ್ಕೊಂಡ್ ಕೂರೋದೂ ಬೇಡ ಅಂತ."

ಅವಳು ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುವವರ ಹಾಗೆ ಕೇಳಿ, ಉತ್ತರಕ್ಕಾಗಿ ನಿಂತಳು. ನನಗೆ ನಾಚಿಕೆಯಾಯಿತು. ಅವಳ ತರಗತಿಗೆ ಕಾನೂನುಭಂಗ ಚಳವಳಿಯ ಪಾಠ ಮಾಡುವವನು ನಾನು. ಹತ್ತು ಅಂಕದ ಪ್ರಶ್ನೆಗೆ ಎಷ್ಟು ಬೇಕೋ ಅಷ್ಟು ಮಾತ್ರ ಮಾಡುತ್ತೇನೆ. ನಮ್ಮ ಅತಿಥಿ ಉಪನ್ಯಾಸಕರೆಲ್ಲ ಸೇವಾ ಭದ್ರತೆಗಾಗಿ ಬೀದಿಗಿಳಿದಾಗ ನನಗೆ ಹಲ್ಲುನೋವಿತ್ತು. ಧರಣಿ ಮುಗಿದ ಮರುದಿನ ಹಲ್ಲು ತಾನಾಗಿ ವಾಸಿಯಾಯಿತು. ಇಂಥವನ ಕೈಗೆ ತಮ್ಮ ತಂತ್ರಾಂಶ ಒಂದು ಹುಡುಗಿಯ ಪದವಿಯನ್ನು ಕೊಟ್ಟು ಗುಂಡಿ ಒತ್ತು ಎನ್ನುತ್ತಿದೆ. ಅದರ ಆಯ್ಕೆ ಎಷ್ಟು ಕೆಟ್ಟದ್ದೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಾರದು.

ಕುಲಸಚಿವರೇ, ಆಧುನಿಕತೆ ಬೇಡವೆಂದು ಯಾರು ಹೇಳಿದರು? ಅಂಕಪಟ್ಟಿಗಾಗಿ ದಿನಗಟ್ಟಲೆ ತಮ್ಮ ಕಚೇರಿಯ ಬೆಂಚಿನ ಮೇಲೆ ಕಾಯುವುದನ್ನು ಇದೇ ತಂತ್ರಾಂಶ ತಪ್ಪಿಸಿದೆ. ಆದರೆ ಗಣ್ಯರ ಸಾವು, ಗಲಾಟೆ ಎಲ್ಲವನ್ನೂ ಮುಂಚೆಯೇ ಊಹಿಸಿ ಜಾಗ ಮಾಡಿಟ್ಟವರಿಗೆ ನಮ್ಮ ಮೂರು ತಾಲ್ಲೂಕಿನಲ್ಲಿ ಮಳೆಯಾಗುತ್ತದೆ ಎಂಬುದು ಹೇಗೆ ಹೊಳೆಯಲಿಲ್ಲ? ನಾವು ಅದನ್ನೇನೂ ಗುಟ್ಟಾಗಿ ಇಟ್ಟಿರಲಿಲ್ಲ.

ಹೀಗಾಗಿ ನನ್ನ ಉತ್ತರ ಇದು. ಆ ನಮೂದುಗಳನ್ನು ನಾನು ಅಳಿಸುವುದಿಲ್ಲ. ಈ ವಾಕ್ಯವನ್ನು ಮೂರು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ, ಅದೂ ದಾಖಲಾಗಲಿ. ನನ್ನ ಹೆಸರನ್ನು ಪಟ್ಟಿಯಿಂದ ತೆಗೆಯುವುದಾದರೆ ತೆಗೆಯಿರಿ, ಗಂಗಾಳ ಹಾಲ್ ಟಿಕೆಟನ್ನು ತಡೆಯಬೇಡಿ. ತಮ್ಮ ಕಾರಣಗಳ ಪಟ್ಟಿಗೆ ಮಳೆಯನ್ನೂ ಸೇರಿಸಿ. ಮುಂದಿನ ಸೋಮವಾರದೊಳಗೆ ಎರಡೂ ಆಗದಿದ್ದರೆ, ಲ್ಯಾಪ್‌ಟಾಪ್ ಚೀಲದಲ್ಲಿ ಊಟದ ಡಬ್ಬಿ ಇಟ್ಟುಕೊಂಡು ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂರುತ್ತೇನೆ. ಹಲ್ಲನ್ನು ಮೊದಲೇ ವೈದ್ಯರಿಗೆ ತೋರಿಸಿಕೊಂಡಿದ್ದೇನೆ. ಹೊರಡುವ ಮುನ್ನ ನೋಡಲ್ ಅಧಿಕಾರಿಯ ಕರ್ತವ್ಯವೆಂದು ತಂತ್ರಾಂಶದಲ್ಲಿ ಹತ್ತನೆಯ ಮುಷ್ಕರವನ್ನೂ ನಮೂದಿಸುತ್ತೇನೆ. ನಾಯಕ, ಮೊದಲಿನವನೇ. ಬೇಡಿಕೆ, ತಮ್ಮ ಪಟ್ಟಿಯೊಳಗೆ ಮಳೆ ಬರಬೇಕು. ತಮ್ಮ ದಾಖಲೆಯಲ್ಲಿರುವ ಹತ್ತರಲ್ಲಿ ನಿಜವಾಗಿ ನಡೆದದ್ದು ಅದೊಂದೇ ಆಗಿರುತ್ತದೆ.

ಇಂತಿ,
ಕೂರಲು ಅಲ್ಲಿ ನೆರಳಿದೆಯೇ ಎಂದು ಈಗಲೇ ವಿಚಾರಿಸುತ್ತಿರುವ,
ಪೂರ್ಣೇಶ್
ಈ ವರ್ಷದ ಮಟ್ಟಿಗೆ ಅತಿಥಿ ಉಪನ್ಯಾಸಕ, ಹೊಸನಗರ ತಾಲ್ಲೂಕು